ಚಿನ್ನರಾಜನ ಸೋಪುಡಬ್ಬಿ

ಚಿನ್ನರಾಜ್ ಕಳೆದ ಬುಧವಾರ ಬೆಳಿಗ್ಗೆ ತೀರಿಕೊಂಡ. ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಐವತ್ತು ತುಂಬಿರಲಿಲ್ಲ.

ತಮಿಳುನಾಡಿನ ತೊಪ್ಪೂರು ಘಾಟಿಯ ಬುಡದಲ್ಲಿ ಅವನದೊಂದು ಟೀ ಅಂಗಡಿ. ಲಾರಿ ಡ್ರೈವರುಗಳು ಕೆಟ್ಟ ಟೇಪ್ ರೆಕಾರ್ಡರನ್ನು ಅವನ ಕೈಗೆ ಕೊಟ್ಟು ಸೇಲಂಗೆ ಹೋಗಿ, ಮರಳುವಾಗ ಇಸಿದುಕೊಳ್ಳುತ್ತಿದ್ದರು. ಕೆಲವು ಹಾಡುತ್ತಿದ್ದವು. ಕೆಲವು ಮೊದಲಿಗಿಂತ ಹೆಚ್ಚು ಕೆಟ್ಟಿರುತ್ತಿದ್ದವು. ಅಂಥ ಗಿರಾಕಿಗೆ ಟೀ ಬಿಟ್ಟಿ. ಅವನು ಯಾವುದನ್ನೂ ಎಸೆಯುತ್ತಿರಲಿಲ್ಲ. ಮುಗಿದ ಸೆಲ್ಲುಗಳನ್ನೂ ಮನೆಯ ಹಿತ್ತಲ ಗೋಡೆಯ ಮೇಲೆ ಸಾಲಾಗಿ ಬಿಸಿಲಿಗಿಡುತ್ತಿದ್ದ. “ಬಿಸ್ಲು ಕುಡುದ್ರೆ ಇನ್ನೊಂದ್ ವಾರ ಬದುಕ್ತವೆ ಕಣ್ಲಾ” ಎನ್ನುತ್ತಿದ್ದ.

ನನಗೆ ಮತ್ತೆ ಮತ್ತೆ ನೆನಪಾಗುವುದು ತೊಂಬತ್ತಾರರ ಒಂದು ಭಾನುವಾರ.

ಅವನ ತಾಯಿ ಮಾದಮ್ಮನಿಗೆ ಕಿವಿ ಮಂದವಾಗಿತ್ತು. ಸೊಸೆ, ಮೊಮ್ಮಕ್ಕಳ ಮಾತು ತಮಿಳಿಗೆ ತಿರುಗಿತ್ತು. ಮನೆಯಲ್ಲಿ ಆಕೆಯೊಂದಿಗೆ ಕನ್ನಡ ಆಡುತ್ತಿದ್ದದ್ದು ಮಗ ಮತ್ತು ಬೆಂಗಳೂರು ಸ್ಟೇಷನ್ನು ಹಿಡಿಯುವ ರೇಡಿಯೋ ಮಾತ್ರ. ಸಂಜೆಯಾದರೆ ಆ ರೇಡಿಯೋ ಗಂಟಲು ಹರಿಯುವಂತೆ ಕೂಗುತ್ತಿತ್ತು. ಪಕ್ಕದ ಮನೆಯ ಪುಷ್ಪಾಳ ಮಗಳು ಅರ್ಚನಾಗೆ ಮಾರನೆಯ ದಿನದಿಂದ ಪ್ಲಸ್ ಟೂ ಪರೀಕ್ಷೆ.

“ಅಣ್ಣಾ, ಪಾಪಾ ಓದ್ಬೇಕು. ಪರೀಕ್ಷೆ ಮುಗಿಯೋಗಂಟ ರೇಡಿಯೋನ ಬೀರುವೊಳಗೆ ಮಡಗ್ಬುಡಿ” ಎಂದು ಪುಷ್ಪಾ ಕೈಮುಗಿದಿದ್ದಳು. ಆ ಸುದ್ದಿ ಗೊತ್ತಾದ ಮೇಲೆ ಮಾದಮ್ಮ ಮುದ್ದೆ ಮುಟ್ಟಿರಲಿಲ್ಲ.

ಬರೀ ಹೆಡ್‌ಫೋನ್ ಹಾಕಿದರೆ ಆಕೆಗೆ ಕೇಳುತ್ತಿರಲಿಲ್ಲ. ಅದಕ್ಕೇ ನಡುವೆ ಸದ್ದು ಹೆಚ್ಚಿಸುವ ಪುಟ್ಟ ಆಂಪ್ಲಿಫಯರ್ ಒಂದನ್ನು ಕಟ್ಟಲು ಚಿನ್ನರಾಜನೂ ನಾನೂ ಕೂತೆವು. ಧರ್ಮಪುರಿಯ ಲೈಬ್ರರಿಯಲ್ಲಿ ಕೆಲಸದಲ್ಲಿದ್ದ ನಾನು, ಅಲ್ಲಿನ ಇಂಗ್ಲಿಷ್ ಪತ್ರಿಕೆಯೊಂದರಿಂದ ನಕ್ಷೆ ಬರೆದು ತಂದಿದ್ದೆ. ನಾನು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುವುದು, ಅವನು ಬೆಸುಗೆ ಹಾಕುವುದು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಸೋಪಿನ ಡಬ್ಬಿಯೊಳಗೆ ಕೂತಿತು. ಕೆಂಪು ದೀಪವೂ ಹತ್ತಿತು. ರೇಡಿಯೋಗೆ ಪಿನ್ನು ಚುಚ್ಚಿದೊಡನೆ ಅದರ ಬಾಯಿ ಮುಚ್ಚಿತು. ಹೆಡ್‌ಫೋನಿನಲ್ಲೂ ಏನೂ ಇಲ್ಲ.

“ಇದ್ದುದ್ದೂ ಓಯ್ತಲ್ರೋ! ಇಬ್ರೂ ಸೇರ್ಕಂಡು ನನ್ ರೇಡಿಯೋ ಕತ್ತು ಇಸುಕ್ಬುಟ್ರಾ?” ಎಂದಳು ಮಾದಮ್ಮ.

ಗೋಡೆಯ ಮೇಲಿಂದ ಪುಷ್ಪಾ ಇಣುಕಿದಳು. “ಎನ್ನಣ್ಣಾ, ಸತ್ತಮೇ ಇಲ್ಲೆ?” ತಮಿಳಿನಲ್ಲಿ ಸತ್ತಂ ಎಂದರೆ ಸದ್ದು. ಮಾದಮ್ಮನ ಕಿವಿಗೆ ಬಿದ್ದದ್ದು ಅರ್ಧವೇ ಪದ.

“ಸತ್ನಾ? ಯಾರ್ಲಾ ಸತ್ತಿದ್ದು?”

“ಯಾರೂ ಸತ್ತಿಲ್ಲ ಕಣವ್ವಾ, ಸುಮ್ಕಿರು!”

ಸೆಲ್ಲು ಬದಲಿಸಿದೆವು. ಹೆಡ್‌ಫೋನನ್ನು ನೇರ ರೇಡಿಯೋಗೆ ಚುಚ್ಚಿ ನೋಡಿದೆವು, ಸಣ್ಣಗೆ ಹಾಡಿತು. ಹಾಗಾದರೆ ತಪ್ಪು ಡಬ್ಬಿಯೊಳಗೇ. ಸದ್ದು ಒಳಗೆ ಹೋಗುವ ತಂತಿಗೆ ಚಿನ್ನರಾಜ್ ಬೆರಳು ಮುಟ್ಟಿಸಿದ. ಗುರ್ ಎನ್ನಬೇಕಿತ್ತು, ಅನ್ನಲಿಲ್ಲ. “ಐಸಿ ಸುಟ್ಟೋಗೈತೆ. ಸೇಲಂ ಅಂಗ್ಡಿನೂ ಇವತ್ತು ಬಾಗ್ಲು ಆಕೈತೆ” ಎಂದು ತಲೆಗೆ ಕೈಹೊತ್ತ. ಮಾದಮ್ಮ ತಾನೇ ಎದ್ದು ರೇಡಿಯೋ ಎತ್ತಿಕೊಂಡಳು, ಬೀರುವಿನಲ್ಲಿಡಲು.

“ಮಡಗವ್ವಾ ಅಲ್ಲೇ. ಲೇ ರಘುನಾಥ, ಮೊದ್ಲಿಂದ ಓದ್ಲಾ.”

ಓದುತ್ತ ಹೋದೆ. “ಹೆಡ್‌ಫೋನ್ ಸಾಕೆಟ್ಟಿನ ಉದ್ದ ಕಾಲು ಸೆಲ್ಲಿನ ಮೈನಸ್ಸಿಗೆ. ಅಂದ್ರೆ ಅರ್ತ್.”

ಅವನು ಡಬ್ಬಿಯೊಳಗೆ ಬಗ್ಗಿ ನೋಡಿದ. ಉದ್ದ ಕಾಲು ತಂತಿಯೇ ಇಲ್ಲದೆ ಫಳಫಳ ಹೊಳೆಯುತ್ತಿತ್ತು.

“ಬೆಳಿಗ್ಗೆ ಅರ್ತ್ ಆಯ್ತಾ ಅಂತ ಕೇಳ್ದಾಗ ಆಯ್ತು ಅಂದ್ಯಲ್ಲೋ!” ಎಂದೆ.

“ಊಂ, ನೀನ್ ಏಳಿದ್ದು ಅರ್ತ ಆಯ್ತು, ಅದ್ಕೇ ಆಯ್ತು ಅಂದೆ! ಊರೆಲ್ಲ ಎರ್ತು ಅಂತೈತೆ, ಓದ್ದೋನು ನೀನೊಬ್ಬ ಅರ್ತ್ ಅಂತೀಯ. ನಂಗೇನ್ ಗೊತ್ತು?”

ನಕ್ಕು ನಕ್ಕು ಅವನ ಬೆಸುಗೆ ನಿಲ್ಲಲೇ ಇಲ್ಲ. ಕೊನೆಗೂ ನಿಂತಿತು. ಹೆಡ್‌ಫೋನನ್ನು ತಾಯಿಯ ತಲೆಗೆ ಏರಿಸಿ, ಗುಂಡಿ ತಿರುಗಿಸಿ, ಮುಖ ನೋಡುತ್ತ ಕೂತ. ಮಾದಮ್ಮ ಬೆಚ್ಚಿದಳು. ಆಮೇಲೆ ಬಾಯಿತುಂಬ ನಕ್ಕು, ತನಗೆ ಕೇಳಿದಷ್ಟೇ ಜೋರಾಗಿ ಊರಿಗೆಲ್ಲ ಸಾರಿದಳು: “ಕುರಿ ಜಂತುಳಕ್ಕೆ ಔಸ್ದಿ ಏಳ್ತಾವ್ನೆ ಕಣೋ!”

ಪುಷ್ಪಾ ಮತ್ತೆ ಇಣುಕಿದಳು. “ಅಣ್ಣಾ, ರೇಡಿಯೋ ಸುಮ್ನಾಯ್ತು. ಈಗ ಅಜ್ಜಿನ ಬೀರುವೊಳಗೆ ಮಡಗ್ಬೇಕು!”

ಅರ್ಚನಾ ಪಾಸಾದಳು. ಆವತ್ತಿನಿಂದ ಆ ಮನೆಯಲ್ಲಿ “ಕೇಳಿಸ್ತಾ?” ಎನ್ನುವುದಕ್ಕೆ “ಅರ್ತ್ ಆಯ್ತಾ?” ಎಂದೇ ಮಾತಾಯಿತು. ತಮಿಳಿನ ಮೊಮ್ಮಕ್ಕಳೂ ಅಜ್ಜಿಯನ್ನು ಹಾಗೇ ಕೇಳುತ್ತಿದ್ದರು.

ಬುಧವಾರ ಬೆಳಿಗ್ಗೆ, ಅವನು ಎದೆ ಹಿಡಿದುಕೊಂಡು ಕೂರುವ ಸ್ವಲ್ಪ ಮೊದಲು ನಡೆದದ್ದನ್ನು ಗೋಡೆಯಾಚೆಯಿಂದ ಪುಷ್ಪಾ ಕಂಡಿದ್ದಾಳೆ. ಹಿತ್ತಲಲ್ಲಿ ಕೂತಿದ್ದ ಮಾದಮ್ಮ ಹೆಡ್‌ಫೋನ್ ತೆಗೆದು ತೋರಿಸಿದಳು, ಸದ್ದಿಲ್ಲ ಎಂದು. ಅಂಗಡಿಗೆ ಹೊರಟಿದ್ದ ಚಿನ್ನರಾಜ್ ಹಿಂದಿರುಗಿ, ಡಬ್ಬಿಗೆ ಹೊಸ ಸೆಲ್ಲು ಹಾಕಿ, ಹೆಡ್‌ಫೋನನ್ನು ತಾನೇ ಆಕೆಯ ಕಿವಿಗಿಟ್ಟ.

“ಅರ್ತ್ ಆಯ್ತಾ?”

ಮಾದಮ್ಮ ಕಣ್ಣು ಮುಚ್ಚಿಕೊಂಡೇ, ಆಯ್ತೆಂದು ಕೈಯೆತ್ತಿದಳು. ಅವನು ಹಳೆಯ ಸೆಲ್ಲುಗಳನ್ನು ಲುಂಗಿಯ ತುದಿಗೆ ಒರೆಸಿ, ಗೋಡೆಯ ಮೇಲೆ ಬಿಸಿಲು ಬೀಳುವ ಕಡೆ ಸಾಲಾಗಿ ಇಟ್ಟ.