ಐದು ನಾಲಿಗೆ, ಒಂದು ವಿಡಿಯೊ ಕಾಲ್

‘ನಾಲಿಗೆ ಚಾಚಿ ಆ ಅನ್ನಿ’ ಎಂದು ಡಾಕ್ಟರು ವಿಡಿಯೊದಲ್ಲಿ ಹೇಳಿದ್ದೇ ತಡ, ನಮ್ಮತ್ತೆಯ ಜೊತೆ ನಾವು ನಾಲ್ವರೂ ನಾಲಿಗೆ ಚಾಚಿ ‘ಆ’ ಎಂದೆವು. ಗಂಟಲು ನೋವಿದ್ದಿದ್ದು ಅತ್ತೆಗೆ ಮಾತ್ರ. ಹಂದನಕೆರೆ ಹತ್ತಿರದ ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಪರದೆ ಮೇಲೆ ಬರುತ್ತಾರೆಂದು ಕೇಳಿ, ನನ್ನ ಯಜಮಾನರು, ಮೈದುನ, ಪಕ್ಕದ ಮನೆಯ ಗೌರಕ್ಕ ಎಲ್ಲರೂ ನೋಡಲು ಬಂದಿದ್ದರು.

‘ಪೇಶೆಂಟ್ ಒಬ್ರೇ ಕ್ಯಾಮೆರಾ ಮುಂದೆ ಇರ್ಬೇಕು ಅಂತ ಟ್ರೈನಿಂಗಲ್ಲಿ ಹೇಳಿದಾರೆ ಕಣ್ರೀ’ ಎಂದು ಹೊಸದಾಗಿ ತರಬೇತಿ ಪಡೆದಿದ್ದ ನರ್ಸ್ ಎಷ್ಟು ಬೇಡಿಕೊಂಡರೂ ಯಾರೂ ಕದಲಿರಲಿಲ್ಲ.

ಡಾಕ್ಟರು ನಗಲು ಶುರುಮಾಡಿದವರು ತಟ್ಟನೆ ನಿಲ್ಲಿಸಿದರು. ‘ಹಿಂದೆ ಹಸಿರು ಟವೆಲ್ ಹಾಕ್ಕೊಂಡಿರೋರು ಸ್ವಲ್ಪ ಮುಂದೆ ಬನ್ನಿ.’

ಅವರು ನನ್ನ ಯಜಮಾನರು. ನರ್ಸ್ ಟಾರ್ಚ್ ಬಿಟ್ಟಾಗ ನಾಲಿಗೆಯ ಅಂಚಿನಲ್ಲಿ ಬಿಳಿ ಮಚ್ಚೆ ಕಾಣಿಸಿತು. ಹೊಗೆಸೊಪ್ಪು ಇವತ್ತೇ ಬಿಡಬೇಕು, ನಾಳೆಯೇ ತಿಪಟೂರಿಗೆ ಹೋಗಿ ತೋರಿಸಬೇಕು ಎಂದರು ಡಾಕ್ಟರು. ನಾನು ಅವರ ಜೇಬಿನಿಂದ ಹೊಗೆಸೊಪ್ಪಿನ ಪೊಟ್ಟಣ ಕಿತ್ತುಕೊಂಡೆ. ಅತ್ತೆಗೆ ಮಾತ್ರ ಸಿಟ್ಟು: ‘ಗಂಟ್ಲು ನೋವು ನಂಗೆ, ಔಸ್ದಿ ಇವ್ನಿಗಾ?’

ತಿಪಟೂರಿನಲ್ಲಿ ಮಚ್ಚೆಯ ಚೂರು ತೆಗೆದು ಪರೀಕ್ಷಿಸಿದರು. ಸದ್ಯ ಕ್ಯಾನ್ಸರ್ ಅಲ್ಲ, ಆದರೆ ಹೊಗೆಸೊಪ್ಪು ಮುಂದುವರಿಸಿದರೆ ಆಗಬಹುದು ಎಂದರು.

ಅತ್ತೆಯ ಗಂಟಲು ಕಷಾಯದಲ್ಲೇ ವಾಸಿಯಾಯಿತು. ಈಗ ದಿನಾ ಬೆಳಗ್ಗೆ ಐವತ್ತು ದಾಟಿದ ಮಗನನ್ನು ಜಗಲಿ ಮೇಲೆ ಕೂರಿಸಿ, ಗಲ್ಲ ಹಿಡಿದು, ‘ನಾಲ್ಗೆ ಚಾಚ್ಲಾ’ ಅನ್ನುತ್ತಾರೆ. ಯಜಮಾನರು ತೆಪ್ಪಗೆ ಚಾಚುತ್ತಾರೆ.