ಎದುರಿಗೆ ಕುಳಿತು ಕಲಿತ ರೊಟ್ಟಿ

"ನೀ ಯಳವಿ ಊರ ಗಂಗವ್ವನ ಮಗಳೇನ?"

ಡಫಳಾಪುರದ ಮದುವೆ ಮನೆಯಲ್ಲಿ ಓಣಿಯ ಹೆಂಗಸರ ಜೊತೆ ಜೋಳದ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಪರಿಚಯವಿಲ್ಲದ ಅಜ್ಜಿಯೊಬ್ಬರು ಕೇಳಿದರು. ಅವ್ವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನನ್ನ ಕೈ ನಿಂತಿತು.

"ಹೌದ್ರಿ. ನಿಮಗ ಹೆಂಗ ಗೊತ್ತಾತ್ರಿ?"

"ಕಿರುಬೆರಳ ಎತ್ತಿ ಬಡಿಯಾಕತ್ತೀಯಲ್ಲ. ಬೀಸುಕಲ್ಲ ಬಿದ್ದಾಗಿಂದ ಆಕಿಗೆ ಆ ಬೆರಳ ಮಡಚಾಕ ಬರ್ತಿರಲಿಲ್ಲ. ನಿನ್ನ ಬೆರಳಿಗೇನಾಗೇತಿ?"

ನನ್ನ ಬೆರಳಿಗೆ ಏನೂ ಆಗಿಲ್ಲ. ರೊಟ್ಟಿ ಬಡಿಯುವುದೇ ಹೀಗೆ ಅಂದುಕೊಂಡಿದ್ದೆ. ಅವ್ವ ಕೈ ಹಿಡಿದು ಕಲಿಸಿದವಳಲ್ಲ, ನಾನೇ ನೋಡಿ ಕಲಿತದ್ದು.

ಅಜ್ಜಿ ಮತ್ತೊಮ್ಮೆ ನನ್ನ ಕೈ ನೋಡಿದರು. "ಆಕಿ ಬಡೀತಿದ್ದದ್ದು ಬಲಗೈಲೆ. ನೀ ಎಡಗೈಲೆ ಬಡೀತಿ. ಎದುರಿಗೆ ಕುಂತು ನೋಡಿ ಕಲ್ತೀದಿ, ಅದಕ್ಕ."

ಉಣ್ಣುವುದು, ಬರೆಯುವುದು ಎಲ್ಲ ನನ್ನದು ಬಲಗೈಯಲ್ಲೇ. ರೊಟ್ಟಿ ಮಾತ್ರ ಎಡಗೈಯಲ್ಲಿ ಯಾಕೆಂದು ಅತ್ತೆ ಎಷ್ಟೋ ಸಲ ಬೈದಿದ್ದರು.

ಈಗ ರೊಟ್ಟಿಗೆ ಕುಳಿತಾಗೆಲ್ಲ ಒಮ್ಮೆ ತಲೆ ಎತ್ತಿ ನೋಡುತ್ತೇನೆ. ನನ್ನ ಎಡಗೈಗೆ ಸರಿಯಾಗಿ ಎದುರಿಗೊಂದು ಬಲಗೈ ಇರಬೇಕಿತ್ತು.