ಬಂಗಾರದೊಳಗಿನ ಕಬ್ಬಿಣ

ಮೊನ್ನೆ ಬೆನ್ನುನೋವಿಗೆಂದು ಎಂಆರ್‌ಐ ಮಾಡಿಸಲು ಹೋಗಿದ್ದೆ. ಕೋಣೆಯ ಬಾಗಿಲಿಗೆ ಕೆಂಪು ಬಣ್ಣದ ಆಯಸ್ಕಾಂತದ ಚಿತ್ರ ಅಂಟಿಸಿದ್ದರು. ಅದನ್ನು ನೋಡುತ್ತ ಕೂತವಳಿಗೆ ಬಂಗಾಳದ ಟಾಲಿಗಂಜಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೌಶಿ ನೆನಪಾಗಿ, ಬೆನ್ನುನೋವು ಮರೆತೇಹೋಯಿತು…

ಮೌಶಿ ಧಾರವಾಡದ ಕಡೆಯವರು. ಬಂಗಾಳಿಯೊಬ್ಬರನ್ನು ಮದುವೆಯಾಗಿ ಅಲ್ಲಿಗೆ ಬಂದು, ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಅಪ್ಪನ ರೈಲ್ವೆ ಕೆಲಸಕ್ಕೆಂದು ಮೈಸೂರು ಬಿಟ್ಟು ಬಂದ ನಮಗೆ ಆ ಬೀದಿಯಲ್ಲಿ ಕನ್ನಡ ಮಾತಾಡಲು ಸಿಕ್ಕವರು ಅವರೊಬ್ಬರೇ. ನನಗೆ ಪಾಠ ಹೇಳುವಾಗ ಆಯಸ್ಕಾಂತದ ಮೇಲೆ ಕಾಗದ ಹರಡಿ ಕಬ್ಬಿಣದ ಪುಡಿ ಉದುರಿಸುತ್ತಿದ್ದರು. ಮೆಲ್ಲಗೆ ತಟ್ಟಿದರೆ ಪುಡಿ ಒಂದು ಧ್ರುವದಿಂದ ಇನ್ನೊಂದಕ್ಕೆ ಬಾಗಿದ ಗೆರೆಗಳಾಗಿ ನಿಲ್ಲುತ್ತಿತ್ತು. ಆಮೇಲೆ ತಮ್ಮ ಎಡಗೈಯ ಬಳೆಯನ್ನೇ ಆಯಸ್ಕಾಂತದ ಹತ್ತಿರ ತಂದರೆ ಅದು ಟಕ್ಕೆಂದು ಅಂಟಿಕೊಳ್ಳುತ್ತಿತ್ತು. ಅದು ನೋಯಾ, ಗಂಡನ ಆಯುಷ್ಯಕ್ಕೆಂದು ಬಂಗಾಳಿ ಮುತ್ತೈದೆಯರು ತೊಡುವ ಕಬ್ಬಿಣದ ಬಳೆ. ಮೌಶಿಯದಕ್ಕೆ ಅವರ ಅತ್ತೆ ಬಂಗಾರದ ಹೊದಿಕೆ ಹಾಕಿಸಿದ್ದರು.

"ಬಂಗಾರಕ್ಕ ಮ್ಯಾಗ್ನೆಟ್ಟನ್ನ ತಡಿಯೋ ತಾಕತ್ತಿಲ್ಲ ನೋಡವಾ," ಎಂದು ನಗುತ್ತಿದ್ದರು. ಆಯುಷ್ಯದ ಮಾತೆತ್ತಿದರೆ ಇನ್ನೂ ಜೋರಾಗಿ ನಗುತ್ತಿದ್ದರು.

ನಾನು ಕಾಲೇಜಿಗೆ ಬರುವಷ್ಟರಲ್ಲಿ ಅವರ ಗಂಡನಿಗೆ ತಲೆಯಲ್ಲಿ ಗೆಡ್ಡೆ ಇರಬಹುದೆಂಬ ಅನುಮಾನ ಬಂತು. ಎಂಆರ್‌ಐಗೆ ಮೌಶಿ, ಅವರ ನಾದಿನಿ, ನಾನು ಜೊತೆಗೆ ಹೋದೆವು. ಮೌಶಿಯ ಗಂಡನಿಗೋ ಮುಚ್ಚಿದ ಜಾಗವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಜೊತೆಗಿದ್ದರೆ ಮಾತ್ರ ಮಲಗುತ್ತೇನೆಂದು ಹಟ ಹಿಡಿದರು. ಬರಬಹುದು, ಆದರೆ ಮೈಮೇಲೆ ಕಬ್ಬಿಣ ಇರಬಾರದು ಎಂದರು ಅಲ್ಲಿಯವರು.

"ಬೌದಿ, ಖುಲೋ ನಾ!" ನಾದಿನಿ ಮೌಶಿಯ ಮಣಿಕಟ್ಟನ್ನೇ ಹಿಡಿದುಕೊಂಡಳು. ತೆಗೆಯಬೇಡ ಅತ್ತಿಗೆ, ಎಂದು.

ಮೌಶಿ ನನ್ನ ಕಡೆ ತಿರುಗಿದರು. "ಅವರನ್ನ ಒಬ್ಬರನ್ನ ಒಳಗ ಬಿಡ್ಲೇನು?"

ನಲ್ಲಿಯ ಕೆಳಗೆ ನಾನೇ ಸೋಪು ಹಚ್ಚಿದೆ. ಮದುವೆಯಂದು ಏರಿದ ಬಳೆ ಚರ್ಮ ಕೆಂಪಾದ ಮೇಲಷ್ಟೇ ಕಳಚಿತು. ಯಂತ್ರ ಗಡಗಡಿಸಿದಷ್ಟು ಹೊತ್ತೂ ಮೌಶಿ ಗಂಡನ ಪಾದ ಹಿಡಿದು ನಿಂತಿದ್ದರಂತೆ. ಅವಳ ಕೈ ಇತ್ತು, ಹೆದರಿಕೆಯೇ ಆಗಲಿಲ್ಲ ಎಂದು ಅವರು ಹೊರಗೆ ಬಂದು ನನಗೆ ಹೇಳಿದರು, ಪುಟ್ಟ ಮಗುವಿನ ಹಾಗೆ.

ಬಳೆ ಮತ್ತೆ ಕೈಗೇರಿತು. ಆದರೆ ಗೆಡ್ಡೆ ಇದ್ದದ್ದು ಖಚಿತವಾಗಿ, ಚಳಿಗಾಲ ಮುಗಿಯುವುದರೊಳಗೆ ಮೌಶಿಯ ಗಂಡ ಹೋದರು. ಗೆಡ್ಡೆಯಿಂದ ಹೋದರು ಎಂದು ಆ ಮನೆಯಲ್ಲಿ ಯಾರೂ ಹೇಳಲಿಲ್ಲ, ಬಳೆ ತೆಗೆದಳು ಎಂದರು. ಮಾತಾಡಿಸಲು ಬಂದವರಿಗೆಲ್ಲ ನಾದಿನಿ ಅದನ್ನು ಚಹಾದ ಜೊತೆಗೇ ಬಡಿಸಿದಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಒಂದು ಸಂಜೆ ಮೌಶಿ ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿದರು, "ನಾ ತೆಗೀಬಾರದಿತ್ತೇನವಾ?"

ಬಳೆಗೂ ಸಾವಿಗೂ ಏನು ಸಂಬಂಧ ಮೌಶಿ, ನಮಗೆಲ್ಲ ವಿಜ್ಞಾನ ಕಲಿಸಿದವರು ನೀವು ಎಂದೆ.

"ಗೊತ್ತದ," ಎಂದರು. "ಗೊತ್ತದ… ಆದ್ರ ತೆಗದೆನಲ್ಲ."

ಆಮೇಲೆ ಅವರು ಶಾಲೆ ಬಿಟ್ಟರು, ನಗುವುದನ್ನೂ ಬಿಟ್ಟರು. ಈಗ ಮೌಶಿಯೂ ಇಲ್ಲ. ಕೊನೆಯವರೆಗೂ ಸಿಕ್ಕಸಿಕ್ಕವರನ್ನು ಅದೇ ಪ್ರಶ್ನೆ ಕೇಳುತ್ತಿದ್ದರಂತೆ. ಗಂಡನ ಪಾದ ಹಿಡಿದು ನಿಂತದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳಲು ಈಗ ನಾನೊಬ್ಬಳೇ ಉಳಿದಿದ್ದೇನೆ.